ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಏನಿದೆ?

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಲ್ಲಿ ಶಾಲಾ ಮಕ್ಕಳ ವಿವರಗಳನ್ನು ಕನ್ನಡದಲ್ಲೇ ಡೇಟಾಬೇಸಿಗೆ ತುಂಬಿದ್ದಾರೆ ಎಂದುಕೊಳ್ಳೋಣ. ಮರುದಿನ ನಿರ್ವಹಣಾ ತಂತ್ರಾಂಶವನ್ನು ತೆರೆದರೆ ‘ಕರೋಶಿ’ ಎಂದಿರಬೇಕಾದ ಕಡೆ ಐದು ಪ್ರಶ್ನಾರ್ಥಕ ಚಿಹ್ನೆಗಳು! ಕೆಟ್ಟಿರುವುದು ಮಾಹಿತಿಯೋ, ಅದರ ತೋರಿಕೆಯೋ?

ಚಿಹ್ನೆಗಳು ಐದೇ ಏಕೆ? ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಮಾತ್ರ ಕ, ರ, ಓಕಾರದ ಚಿಹ್ನೆ, ಶ, ಇಕಾರದ ಚಿಹ್ನೆ ಎಂದು ಐದು ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಒಟ್ಟು 15.

ತೆರೆಯ ಮೇಲಿನ ದೋಷಗಳು ಮುಖ್ಯವಾಗಿ ಮೂರು ಬಗೆ. ಖಾಲಿ ಚೌಕಗಳು ಕಂಡರೆ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲ, ಮಾಹಿತಿ ಕ್ಷೇಮ. ಹದಿನೈದು ವಿಚಿತ್ರ ಗುರುತುಗಳು ಕಂಡರೆ ಬೈಟುಗಳನ್ನು ಲ್ಯಾಟಿನ್-1 ಲಿಪಿಯೆಂದು ಓದಲಾಗಿದೆ; ಸಾಮಾನ್ಯವಾಗಿ ಇದನ್ನೂ ಸರಿಪಡಿಸಬಹುದು. ಪ್ರಶ್ನಾರ್ಥಕ ಚಿಹ್ನೆಯದೇ ತೊಡಕು. ಉಳಿಸುವಾಗಲೇ ಕನ್ನಡ ನಾಶವಾಗಿದ್ದರೂ ಅದೇ ಚಿಹ್ನೆ. ಮಾಹಿತಿ ಸರಿಯಾಗಿದ್ದು, ತೆರೆಗೆ ತರುವ ಸಂಪರ್ಕದ ಲಿಪಿ ತಪ್ಪಾಗಿದ್ದರೂ ಅದೇ ಚಿಹ್ನೆ!

ಈ ತಂತ್ರಾಂಶಗಳ ಮೇಲಿನ ನನ್ನ ಆಕ್ಷೇಪಣೆ ಇದೇ. 1998ರಲ್ಲಿ ಆರಂಭವಾದ ಪಿಎಚ್‌ಪಿಮೈಅಡ್ಮಿನ್ ಬಹು ಉಪಯುಕ್ತ ಸಾಧನ. ಪ್ರತಿ ಕಾಲಮ್ಮಿನ ಲಿಪಿಕ್ರಮವನ್ನೂ ಅದು ತೋರಿಸುತ್ತದೆ. ಆದರೆ ಕಾಣುತ್ತಿರುವ ಚಿಹ್ನೆ ಮೂಲದ್ದೋ ಬದಲಿಯೋ ಎಂಬುದನ್ನು ಕೋಶದೊಳಗೇ ಸೂಚಿಸುವುದಿಲ್ಲ. ಬದಲಿ ಚಿಹ್ನೆಗಳ ಸಮೇತ ಸಾಲನ್ನು ಉಳಿಸಿದರೆ, ಅಲ್ಲಿಯವರೆಗೆ ಸುರಕ್ಷಿತವಾಗಿದ್ದ ಮಗುವಿನ ಹೆಸರು ನಿಜವಾಗಿಯೂ ಅಳಿಸಿಹೋದೀತು. ದೋಷ ಆ ಒಂದು ತಂತ್ರಾಂಶದ್ದಷ್ಟೇ ಅಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0 ಆವೃತ್ತಿ ಬರುವವರೆಗೆ, ನಾವಾಗಿ ಬದಲಿಸದಿದ್ದರೆ, ಲ್ಯಾಟಿನ್-1 ಲಿಪಿಯೂ ಸ್ವೀಡಿಷ್ ಅಕಾರಾದಿ ಕ್ರಮವೂ ಜಾರಿಯಲ್ಲಿರುತ್ತಿದ್ದವು. ಅಂಥ ಹಳೆಯ ಕೋಷ್ಟಕಗಳನ್ನು ಹೊಸ ಆವೃತ್ತಿಗೆ ತಂದರೂ ಅವುಗಳ ಲಿಪಿ ತಾನಾಗಿ ಬದಲಾಗದು.

ಪರಿಹಾರ ಸರಳ. ಏನನ್ನೂ ತಿದ್ದುವ ಮುನ್ನ ಹೆಕ್ಸ್ ಎಂಬ ಫಲನದಿಂದ ಮೂಲ ಬೈಟುಗಳನ್ನು ನೋಡಿ. 3ಎಫ್ ಎಂದು ಬಂದರೆ ಪ್ರಶ್ನಾರ್ಥಕ ಚಿಹ್ನೆಯೇ ದಾಖಲಾಗಿದೆ. ಹಳೆಯ ಪ್ರತಿಯೇ ಗತಿ. ಇ0 ಬಿ2 95 ಎಂದು ಆರಂಭವಾದರೆ ‘ಕ’ ಭದ್ರವಾಗಿದೆ. ಸಂಪರ್ಕದ ಲಿಪಿಯನ್ನು ಯುಟಿಎಫ್8ಎಂಬಿ4ಕ್ಕೆ ಬದಲಿಸಿದರೆ ಸಾಕು.

ವರ್ನಿಯರ್ ಕ್ಯಾಲಿಪರ್ಸ್ ಹಿಡಿದ ವಿದ್ಯಾರ್ಥಿಗೆ ಮೊದಲು ಶೂನ್ಯ ದೋಷ ನೋಡು ಎನ್ನುತ್ತೇವೆ. ಗಣಕದ ತೆರೆಯೂ ಒಂದು ಅಳತೆಯ ಉಪಕರಣವೇ. ಅದರ ದೋಷವನ್ನು ಅಳತೆಗೊಳಪಟ್ಟ ವಸ್ತುವಿನ ಮೇಲೆ ಹೊರಿಸಬಾರದೆಂಬ ಪಾಠ ಗಣಕ ಕೊಠಡಿಯಲ್ಲೂ ನಡೆಯಲಿ.