ನಂಟರ ಎರಡು ಸ್ಯಾಕ್ಸೋಫೋನ್

ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಇಲ್ಲಿಯೂ ಮಡಕಶಿರದಲ್ಲಿಯೂ ನಮ್ಮಂಥವರ ಮನೆಯೊಳಗೆ ಕನ್ನಡ, ಹೊರಗೆ ತೆಲುಗು. ಹೀಗೆ ಬೆರೆತು ಬಾಳುವಾಗ ನಮ್ಮತನ ಉಳಿಯುವುದು ಹೇಗೆ? ರಾತ್ರಿ ಊಟವಾದ ಮೇಲೆ ನಾನು ಮತ್ತೆ ಮತ್ತೆ ಹಾಕುವ ಜಾಝ್ ಸಿ.ಡಿ.ಯೊಂದು ಈ ಪ್ರಶ್ನೆಯನ್ನೇ ಕೆಣಕುತ್ತದೆ. ಅದು 2008ರ ‘ಕಿನ್ಸ್‌ಮೆನ್’, ಎಂದರೆ ನಂಟರು.

ಕದ್ರಿ ಗೋಪಾಲನಾಥರೂ ಭಾರತೀಯ ಮೂಲದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರೂ ಇದರಲ್ಲಿ ಜೊತೆಗೂಡಿದ್ದಾರೆ. ಇಬ್ಬರದೂ ಆಲ್ಟೊ ಸ್ಯಾಕ್ಸೋಫೋನ್. ಆದರೆ ಉಸಿರು ಬೇರೆ. ಕದ್ರಿಯವರದು ಗಮಕದಲ್ಲಿ ಬಳುಕುವ ನಾದ, ಮಹಾಂತಪ್ಪನವರದು ಚೂಪಾದ, ಅವಸರದ ನಾದ. ಯಾರೂ ಯಾರನ್ನೂ ಅನುಕರಿಸುವುದಿಲ್ಲ. ಇಬ್ಬರೂ ತಮ್ಮದನ್ನು ಅರ್ಧರ್ಧ ಬಿಟ್ಟುಕೊಡುವ ‘ಫ್ಯೂಷನ್’ ಇದಲ್ಲ. ಡ್ರಮ್ಮಿನ ಅಬ್ಬರದಲ್ಲಿ ಮೃದಂಗ ಕೆಲವೆಡೆ ಹುದುಗುವುದು ಮಾತ್ರ ಕೊರತೆಯೇ.

ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿಯವರು ಪರದೇಶದ ವಾದ್ಯಕ್ಕೆ ಮಾರುಹೋದರು. ಕೇರಳದವರಾದ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಗಮಕ ಹೊರಡಿಸಲು ವಾದ್ಯವನ್ನೇ ತಿದ್ದಿಕೊಂಡರು, ರಾಗವನ್ನು ತಿದ್ದಲಿಲ್ಲ. 2019ರಲ್ಲಿ ತೀರಿಕೊಂಡ ಅವರ ಈ ಹಟವನ್ನು ಗಡಿನಾಡಿನ ಮಕ್ಕಳಿಗೆ ಕೇಳಿಸಬೇಕು. ಅವರು ತೆಲುಗೋ ಮಲಯಾಳವೋ ಚೆನ್ನಾಗಿ ಕಲಿಯಲಿ. ಮನೆಯ ಕನ್ನಡಕ್ಕೆ ನಾಚದಿರಲಿ.