‘ಚಿಪ್ ವಾರ್’: ಒಂದು ವಿಮರ್ಶೆ

ಕ್ರಿಸ್ ಮಿಲ್ಲರ್ ಅವರ ‘ಚಿಪ್ ವಾರ್’ 2022ರಲ್ಲಿ ಪ್ರಕಟವಾಗಿ, ಅದೇ ವರ್ಷ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ವಾಣಿಜ್ಯಗ್ರಂಥ ಪ್ರಶಸ್ತಿಯನ್ನು ಪಡೆಯಿತು. ಗ್ರಂಥಕರ್ತರು ಚರಿತ್ರಕಾರರು, ಯಂತ್ರಶಾಸ್ತ್ರಜ್ಞರಲ್ಲ. ಆದರೂ ಅರೆವಾಹಕ ಚಿಪ್ಪುಗಳ ಇತಿಹಾಸವನ್ನು ಸಾಮಾನ್ಯ ವಾಚಕನೂ ಬೇಸರವಿಲ್ಲದೆ ಓದುವಂತೆ ನಿರೂಪಿಸಿದ್ದಾರೆ. ಈ ಗುಣವನ್ನು ಒಪ್ಪಿಕೊಂಡ ಮೇಲೂ ಒಂದು ಆಕ್ಷೇಪಣೆ ಉಳಿಯುತ್ತದೆ: ಗ್ರಂಥದ ಹೆಸರು ಹೇಳುವುದೊಂದು, ಅದರ ಕಥೆ ಹೇಳುವುದು ಇನ್ನೊಂದು. ಚಿಪ್ಪನ್ನು ಸ್ವದೇಶದಲ್ಲಿಯೇ ತಯಾರಿಸಬೇಕೆ, ಪರದೇಶಗಳಿಂದ ಕೊಳ್ಳಬಹುದೆ ಎಂಬ ಪ್ರಶ್ನೆಗಾಗಿ ಅಮೆರಿಕವು 2022ರ ಶಾಸನದಿಂದ 5,270 ಕೋಟಿ ಡಾಲರುಗಳನ್ನು ಮೀಸಲಿಟ್ಟಿರುವಾಗ, ಈ ವಿರೋಧವನ್ನು ಉಪೇಕ್ಷಿಸತಕ್ಕದ್ದಲ್ಲ.

ಪೀಠಿಕೆಯು 2020ರ ಆಗಸ್ಟಿನಲ್ಲಿ ತೈವಾನ್ ಜಲಸಂಧಿಯನ್ನು ಹೊಕ್ಕ ಅಮೆರಿಕದ ಸಮರನೌಕೆಯೊಂದರಿಂದ ಆರಂಭವಾಗುತ್ತದೆ. ರೂಪಕವು ವಿಷಯವನ್ನು ಬೆಳಗುವುದಷ್ಟೇ ಅಲ್ಲ, ತೀರ್ಪನ್ನೂ ಮುಂದಾಗಿಯೇ ಕೊಟ್ಟುಬಿಡುತ್ತದೆ. ಯುದ್ಧವೆಂದೊಡನೆ ಶತ್ರುವೂ ಕೋಟೆಯೂ ಮುತ್ತಿಗೆಯೂ ಕಣ್ಣಿಗೆ ಕಟ್ಟುವುವು. ಕೋಟೆಯೊಳಗೆ ಎಲ್ಲವನ್ನೂ ಕೂಡಿಟ್ಟುಕೊಳ್ಳುವುದೇ ವಿವೇಕವೆಂದು ತೋರುವುದು.

ಹಾಗೆ ಮಾಡಹೊರಟ ದೇಶದ ಗತಿಯನ್ನು ಗ್ರಂಥಕರ್ತರೇ ವರ್ಣಿಸಿದ್ದಾರೆ. ಸೋವಿಯೆತ್ ಸರ್ಕಾರವು ಮಾಸ್ಕೋ ಬಳಿ ಜೆಲೆನೊಗ್ರಾಡ್ ಎಂಬ ನಗರವನ್ನೇ ಈ ಉದ್ಯಮಕ್ಕಾಗಿ ಮುಡಿಪಾಗಿಟ್ಟು, ಅಮೆರಿಕದ ಚಿಪ್ಪುಗಳನ್ನು ಯಥಾವತ್ತಾಗಿ ನಕಲುಮಾಡಿಸಿತು. ನಕಲು ಸಿದ್ಧವಾಗುವಷ್ಟರಲ್ಲಿ ಮೂಲವು ಮುಂದೆ ಸಾಗಿರುತ್ತಿದ್ದಿತು. ಗೂಢಚಾರರು ಯಂತ್ರಗಳನ್ನು ತರಬಲ್ಲವರಾಗಿದ್ದರು. ಯಂತ್ರ ಕೆಟ್ಟಾಗ ಬಿಡಿಭಾಗಗಳನ್ನು ಒದಗಿಸುವವರು ಯಾರು? ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಇದೊಂದು.

ತೈವಾನಿನ ಕಥೆಯಂತೂ ಯುದ್ಧದ ರೂಪಕಕ್ಕೆ ಸ್ವಲ್ಪವೂ ಒಗ್ಗದು. ಟಿಎಸ್‌ಎಂಸಿ ಕಾರ್ಖಾನೆಯನ್ನು 1987ರಲ್ಲಿ ಸ್ಥಾಪಿಸಿದ ಮಾರಿಸ್ ಚಾಂಗ್ ಚೀನಾದಲ್ಲಿ ಹುಟ್ಟಿ, ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಮೂಲಧನದಲ್ಲಿ ಶೇಕಡ 27.5 ಪಾಲು ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯದು. ತಯಾರಿಕೆಯ ವಿದ್ಯೆಯನ್ನೂ ಅದೇ ಒದಗಿಸಿತು. ಗಿರಾಕಿಗಳಲ್ಲಿ ಬಹುಮಂದಿ ಅಮೆರಿಕದವರು. ಸ್ವದೇಶೀ ಕಾರ್ಖಾನೆಗಳಿಗೆಲ್ಲ ಮಾದರಿಯೆನಿಸಿದುದು ಹುಟ್ಟಿನಲ್ಲಿಯೇ ಇಷ್ಟು ಪರದೇಶೀಯವಾಗಿದ್ದಿತು! ಇಂದಿನ ಅತಿಸೂಕ್ಷ್ಮ ಚಿಪ್ಪುಗಳಿಗೆ ಅನಿವಾರ್ಯವಾದ ನೇರಳಾತೀತ ಕಿರಣಯಂತ್ರವನ್ನು ಹಾಲೆಂಡಿನ ಎಎಸ್‌ಎಂಎಲ್ ಸಂಸ್ಥೆಯೊಂದೇ ತಯಾರಿಸುತ್ತದೆ. ಅದರ ಕನ್ನಡಿಗಳು ಜರ್ಮನಿಯ ಜೈಸ್ ಸಂಸ್ಥೆಯವು, ಬೆಳಕಿನ ಮೂಲ ಕ್ಯಾಲಿಫೋರ್ನಿಯಾದ ಸೈಮರ್ ಸಂಸ್ಥೆಯದು. ತವರದ ಹನಿಗಳನ್ನು ಕ್ಷಣಕ್ಕೆ 50,000 ಬಾರಿ ಹೊಡೆಯುವ ಲೇಸರಿಗೆ 457,329 ಬಿಡಿಭಾಗಗಳಿವೆಯೆಂದು ಗ್ರಂಥಕರ್ತರು ಲೆಕ್ಕ ಕೊಡುತ್ತಾರೆ. ಇವೆಲ್ಲವನ್ನೂ ಒಂದೇ ಗಡಿಯೊಳಗೆ ತರಲು ಯಾವ ಬೊಕ್ಕಸಕ್ಕೆ ಸಾಧ್ಯ?

ಹಾಗೆಂದು ವಾಣಿಜ್ಯವನ್ನೇ ಕಣ್ಣುಮುಚ್ಚಿ ನಂಬುವುದೂ ಯುಕ್ತವಲ್ಲ. ಚಿಪ್ಪಿನ ತಯಾರಿಕೆಗೆ ಬೇಕಾದ ಮೂರು ರಾಸಾಯನಿಕ ವಸ್ತುಗಳನ್ನು ದಕ್ಷಿಣ ಕೊರಿಯಕ್ಕೆ ಕಳುಹಿಸುವುದರ ಮೇಲೆ ಜಪಾನ್ 2019ರ ಜುಲೈನಲ್ಲಿ ನಿರ್ಬಂಧ ಹೇರಿದಾಗ, ನೆರೆಯವನ ಅಂಗಡಿಯೂ ಮುಚ್ಚಬಹುದೆಂಬುದು ಸ್ಪಷ್ಟವಾಯಿತು. ಚಾಂಗ್ ಅವರ ಮಾತುಗಳೇ ಈ ಇಕ್ಕಟ್ಟಿಗೆ ಸಾಕ್ಷಿ. 2022ರ ಏಪ್ರಿಲಿನಲ್ಲಿ ಅವರು, ಅಮೆರಿಕದಲ್ಲಿ ಚಿಪ್ಪು ತಯಾರಿಸಲು ತೈವಾನಿಗಿಂತ ಶೇಕಡ 50ರಷ್ಟು ಹೆಚ್ಚು ವೆಚ್ಚ ತಗಲುವುದೆಂದೂ ಆ ಪ್ರಯತ್ನ ವ್ಯರ್ಥವೆಂದೂ ಅಭಿಪ್ರಾಯಪಟ್ಟರು. ಅದೇ ಡಿಸೆಂಬರಿನಲ್ಲಿ, ಅರಿಜೋನಾದಲ್ಲಿ ತಮ್ಮದೇ ಸಂಸ್ಥೆ ಕಟ್ಟುತ್ತಿದ್ದ ಕಾರ್ಖಾನೆಯ ಸಮಾರಂಭದಲ್ಲಿ, ಮುಕ್ತವಾಣಿಜ್ಯವು ಬಹುಮಟ್ಟಿಗೆ ಸತ್ತಿದೆಯೆಂದರು. ಈ ಎರಡು ಮಾತುಗಳ ನಡುವಣ ಅಂತರವೇ ಪ್ರಕೃತ ವಿಷಯದ ಮರ್ಮ; ಸಮರದ ಪರಿಭಾಷೆಯಲ್ಲಿ ಅದಕ್ಕೆ ಎಡೆಯಿಲ್ಲ.

ಶೈಲಿಯ ಬಗೆಗೂ ಒಂದು ಮಾತು. ಅಧ್ಯಾಯಗಳು ಅತಿ ಚಿಕ್ಕವು. ವಾಚಕನು ವಿಚಾರದಲ್ಲಿ ನೆಲೆಗೊಳ್ಳುವ ಮೊದಲೇ ದೃಶ್ಯ ಬದಲಾಗುತ್ತದೆ.

ಭಾರತಕ್ಕೆ ಇಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ. ಅದು ಇದ್ದಿದ್ದರೆ ಚರ್ಚೆಗೆ ಬಲ ಬರುತ್ತಿದ್ದಿತು. ಮೊಹಾಲಿಯಲ್ಲಿ 1984ರಲ್ಲಿ ತಯಾರಿಕೆ ಆರಂಭಿಸಿದ ಸರ್ಕಾರೀ ಕಾರ್ಖಾನೆ 1989ರಲ್ಲಿ ಬೆಂಕಿಗೆ ಆಹುತಿಯಾಯಿತು. ಇತ್ತ ಬೆಂಗಳೂರಿನಲ್ಲಿ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ನೆಲಸಿದಂದಿನಿಂದ, ಚಿಪ್ಪುಗಳನ್ನು ರಚಿಸುವ ವಿದ್ಯೆ ಪರದೇಶೀ ಸಂಸ್ಥೆಗಳ ಆಶ್ರಯದಲ್ಲಿಯೇ ಬೆಳೆಯಿತು. ಕೇಂದ್ರ ಸರ್ಕಾರವು 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಅಂಗೀಕರಿಸಿತು. ಆ ಯೋಜನೆಯಂತೆ ಗುಜರಾತಿನ ಧೊಲೇರಾದಲ್ಲಿ 2024ರ ಮಾರ್ಚಿಯಲ್ಲಿ ಟಾಟಾ ಸಂಸ್ಥೆಯವರ ಕಾರ್ಖಾನೆಗೆ ಅಸ್ತಿಭಾರ ಹಾಕಲಾಯಿತು. ತಯಾರಿಕೆಯ ವಿದ್ಯೆಯನ್ನು ಒದಗಿಸಲು ಒಪ್ಪಿರುವುದು ತೈವಾನಿನ ಪಿಎಸ್‌ಎಂಸಿ.