ಖಾಲಿ ಕುರ್ಚಿಯಲ್ಲಿ ಯಾರು?

ಅಮೆರಿಕದ ‘ದಿ ಆಫೀಸ್’ ಒಂದು ಕಾಗದ ಮಾರುವ ಕಂಪನಿಯ ಕುರಿತ ಹುಸಿ ಸಾಕ್ಷ್ಯಚಿತ್ರದ ರೂಪದಲ್ಲಿರುವ ಹಾಸ್ಯ ಧಾರಾವಾಹಿ. ಅದರ ಏಳನೆಯ ಸೀಸನ್ನಿನಲ್ಲಿ, 2011ರ ಏಪ್ರಿಲ್‌ನಲ್ಲಿ, ಮ್ಯಾನೇಜರ್ ಮೈಕೆಲ್ ಸ್ಕಾಟ್ ಊರು ಬಿಟ್ಟು ಹೋಗುತ್ತಾನೆ. ಇಷ್ಟು ಕಾಲ ಅಂಗಿಗೆ ಅಂಟಿಕೊಂಡಿದ್ದ ಮೈಕನ್ನು ವಿಮಾನ ನಿಲ್ದಾಣದಲ್ಲಿ ಬಿಚ್ಚಿ ಕೊಡುತ್ತಾನೆ. ಆಮೇಲೆ ಓಡಿ ಬಂದ ಪ್ಯಾಮ್‌ಳನ್ನು ಅಪ್ಪಿಕೊಂಡು ಅವನು ಹೇಳಿದ್ದೇನೆಂದು ನಮಗೆ ಕೇಳಿಸುವುದಿಲ್ಲ. ಸ್ಟೀವ್ ಕರೆಲ್‌ನಂಥ ನಟನನ್ನು ಇದಕ್ಕಿಂತ ಚೆಂದವಾಗಿ ಬೀಳ್ಕೊಡುವುದು ಸಾಧ್ಯವಿರಲಿಲ್ಲ. ತೊಂದರೆ ಶುರುವಾದದ್ದು ಅವನು ಹೋದ ಮೇಲೆ.

ಕಥನಶಾಸ್ತ್ರ ಓದುವ ನಮ್ಮಂಥ ಸಂಶೋಧನಾರ್ಥಿಗಳಿಗೆ ಈ ತೊಂದರೆ ಒಂದು ಪರೀಕ್ಷೆಯಂತೆ ಕಾಣುತ್ತದೆ. ರಷ್ಯನ್ ಅದ್ಭುತ ಕಥೆಗಳನ್ನು ಬಿಡಿಸಿ ನೋಡಿದ ವ್ಲದೀಮಿರ್ ಪ್ರಾಪ್ 1928ರಲ್ಲೇ ಹೇಳಿದ್ದ: ಕಥೆಯಲ್ಲಿ ಸ್ಥಿರವಾಗಿರುವುದು ಕೆಲಸಗಳು, ಅವನ್ನು ಮಾಡುವವರು ಬದಲಾಗಬಹುದು. ನಮ್ಮ ದೈನಿಕ ಧಾರಾವಾಹಿಗಳು ಪ್ರಾಪ್‌ನನ್ನು ಓದದೆಯೇ ಇದನ್ನು ಪಾಲಿಸುತ್ತವೆ. ನಟಿ ಬದಲಾದರೆ ಮರುದಿನ ಅತ್ತೆ ಹೊಸ ಮುಖವನ್ನು ಹಳೆಯ ಹೆಸರಿನಿಂದಲೇ ಬೈಯುತ್ತಾಳೆ, ನೋಡುವವರು ಒಂದು ವಾರ ಗೊಣಗಿ ಸುಮ್ಮನಾಗುತ್ತಾರೆ. ಅಲ್ಲಿ ಸೊಸೆ ಎಂಬುದು ಕುಟುಂಬದೊಳಗಿನ ಒಂದು ಸ್ಥಾನ. ಸಿಟ್‌ಕಾಮ್‌ನಲ್ಲಿ ಮಾತ್ರ ಈ ಸೂತ್ರ ಕೈಕೊಡುತ್ತದೆ.

‘ದಿ ಆಫೀಸ್’ ಬರೆದವರು ಮೈಕೆಲ್‌ನ ಕುರ್ಚಿಯನ್ನು ಖಾಲಿ ಹುದ್ದೆ ಎಂದುಕೊಂಡರು. ವಿಲ್ ಫೆರೆಲ್ ಬಂದ, ಬ್ಯಾಸ್ಕೆಟ್‌ಬಾಲ್ ಹಾಕಲು ಹೋಗಿ ಬಿದ್ದು ಪೆಟ್ಟು ಮಾಡಿಕೊಂಡು ಹೋದ. ಡ್ವೈಟ್ ಕೆಲದಿನ ಕೂತು ಆಫೀಸಿನಲ್ಲಿ ಪಿಸ್ತೂಲು ಹಾರಿಸಿದ. ಕೊನೆಗೆ ಆ್ಯಂಡಿ ಕೂತ. ಅವನ ಜೊತೆಗೆ ಮೈಕೆಲ್‌ನ ಹಸಿವನ್ನೂ, ಅಂದರೆ ಎಲ್ಲರೂ ತನ್ನನ್ನು ಪ್ರೀತಿಸಬೇಕೆಂಬ ಹಸಿವನ್ನೂ, ತಂದು ಕೂರಿಸಿದರು. ಆ್ಯಂಡಿಗೆ ಅದು ಎರವಲು ಅಂಗಿ. ಮೈಕೆಲ್‌ಗೆ ಆಫೀಸು ಬಿಟ್ಟರೆ ಬೇರೆ ಮನೆಯೇ ಇರಲಿಲ್ಲ, ಆದ್ದರಿಂದ ಅವನ ಪ್ರತಿಯೊಂದು ಪೆದ್ದುತನದ ಹಿಂದೆ ಒಂಟಿತನವಿತ್ತು. ಆ್ಯಂಡಿಯ ಪೆದ್ದುತನದ ಹಿಂದೆ ಚಿತ್ರಕಥೆ ಮಾತ್ರ ಇತ್ತು.

ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಜಿಮ್. ಏಳು ಸೀಸನ್ ಅವನು ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ: ಮೈಕೆಲ್ ಏನಾದರೂ ಹೇಳಿದಾಗ ಕ್ಯಾಮೆರಾದತ್ತ ಒಂದು ನೋಟ ಬೀರುವುದು. ಮೈಕೆಲ್ ಹೋದ ಮೇಲೆ ಜಿಮ್‌ನ ಮುಖ ಅಲ್ಲೇ ಇತ್ತು, ಕ್ಯಾಮೆರಾ ಇತ್ತು, ನೋಟಕ್ಕೆ ಕಾರಣ ಇರಲಿಲ್ಲ. ಹೋದವನು ಉಳಿದವರ ಕೆಲಸಗಳನ್ನೂ ತನ್ನ ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದ. ಪ್ರಾಪ್‌ನ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲ.

‘ಚಿಯರ್ಸ್’ ತಯಾರಿಸಿದವರು ಇದನ್ನು ಮೊದಲೇ ಗ್ರಹಿಸಿದ್ದರು ಅನಿಸುತ್ತದೆ. ಬಾಸ್ಟನ್‌ನ ಒಂದು ಬಾರ್, ಅದರ ಮಾಲೀಕ ಸ್ಯಾಮ್, ಪುಸ್ತಕದ ಹುಳು ಪರಿಚಾರಿಕೆ ಡಯಾನ್, ಇವರಿಬ್ಬರ ಜಗಳ ಮತ್ತು ಪ್ರೀತಿ. 1987ರಲ್ಲಿ, ಐದನೆಯ ಸೀಸನ್ ಮುಗಿದಾಗ, ಡಯಾನ್ ಆಗಿದ್ದ ಶೆಲಿ ಲಾಂಗ್ ಹೊರಟಳು. ಅವರು ಇನ್ನೊಬ್ಬ ಡಯಾನ್‌ಳನ್ನು ಹುಡುಕಲಿಲ್ಲ, ಸ್ಯಾಮ್‌ನನ್ನೇ ಜಾಗದಿಂದ ಕದಲಿಸಿದರು. ಅವನು ಬಾರ್ ಮಾರಿ ದೋಣಿ ಕೊಂಡ, ದೋಣಿ ಮುಳುಗಿತು. ಮರಳಿ ಬಂದು ತಾನೇ ಒಡೆಯನಾಗಿದ್ದ ಬಾರಿನಲ್ಲಿ ಕೆಲಸ ಕೇಳುತ್ತಾನೆ. ಕೇಳುವುದು ಕಂಪನಿ ನೇಮಿಸಿದ ಮ್ಯಾನೇಜರ್ ರೆಬೆಕಾಳನ್ನು. ಬಾಗಿಲು, ಕೌಂಟರು, ನಾರ್ಮ್ ಕೂರುವ ಸ್ಟೂಲು ಎಲ್ಲ ಹಾಗೇ ಇವೆ, ಆದರೆ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಏನಾಗಬೇಕು ಎಂಬುದು ಬದಲಾಗಿದೆ. ಹೊಸ ಜೋಕುಗಳು ಅಲ್ಲಿಂದ ಹುಟ್ಟಿದವು. ಧಾರಾವಾಹಿ ಇನ್ನೂ ಆರು ಸೀಸನ್ ನಡೆಯಿತು. ರೆಬೆಕಾ ನಗಿಸಲು ಕಲಿತದ್ದು ತಡವಾಗಿ, ಅವಳ ಬಿಗುಮಾನ ಒಡೆದು ಚೂರಾದ ಮೇಲೆ. ನನಗೆ ಈಗಲೂ ಮೊದಲ ಐದು ಸೀಸನ್ನುಗಳೇ ಇಷ್ಟ, ಅದು ಬೇರೆ ಮಾತು.

ಇವೆಲ್ಲ ನಟರು ತಾವಾಗಿ ಹೊರಟ ಕತೆಗಳು. ‘ಟೂ ಆ್ಯಂಡ್ ಎ ಹಾಫ್ ಮೆನ್’ನಿಂದ ಚಾರ್ಲಿ ಶೀನ್‌ನನ್ನು 2011ರಲ್ಲಿ ತೆಗೆದುಹಾಕಲಾಯಿತು. ಅವನ ಪಾತ್ರವನ್ನು ಸಾಯಿಸಿ, ಶವಸಂಸ್ಕಾರದಲ್ಲೂ ಗೇಲಿ ಮಾಡಿ, ಮನೆಯನ್ನು ಆ್ಯಷ್ಟನ್ ಕುಚರ್‌ನ ಪಾತ್ರಕ್ಕೆ ಮಾರಿದರು. ಹಾಗೆ 2015ರವರೆಗೂ ನಡೆಯಿತು. ಕೊನೆಯ ಕಂತಿನಲ್ಲಿ ಹಳೆಯ ನಾಯಕನಂತೆ ಕಾಣುವ ಒಬ್ಬನ ತಲೆಯ ಮೇಲೆ ಪಿಯಾನೊ ಬೀಳಿಸಿದರು. ವ್ಯಾಪಾರ ಉಳಿಯಿತು. ಹಗೆಯೂ ಉಳಿಯಿತು.

‘8 ಸಿಂಪಲ್ ರೂಲ್ಸ್’ನ ಸ್ಥಿತಿ ಬೇರೆ. ಅದರ ಅಪ್ಪ, ಜಾನ್ ರಿಟರ್, 2003ರ ಸೆಪ್ಟೆಂಬರ್‌ನಲ್ಲಿ ನಿಜವಾಗಿಯೇ ತೀರಿಕೊಂಡ. ನವೆಂಬರ್‌ನಲ್ಲಿ ಬಂದ ಒಂದು ಗಂಟೆಯ ಕಂತಿನಲ್ಲಿ, ಹಾಲು ತರಲು ಹೋದ ಅಪ್ಪ ಅಂಗಡಿಯಲ್ಲೇ ಕುಸಿದ ಸುದ್ದಿ ಮನೆಗೆ ಬರುತ್ತದೆ. ನಟನ ಜಾಗ ಖಾಲಿಯಾದದ್ದನ್ನು ಮನೆಯ ಜಾಗವೇ ಖಾಲಿಯಾದಂತೆ ತೋರಿಸಿದ್ದು ನಾನು ನೋಡಿದ ಸಿಟ್‌ಕಾಮ್‌ಗಳಲ್ಲಿ ಇದೊಂದೇ. ಮುಂದೆ ಅಜ್ಜನಾಗಿ ಜೇಮ್ಸ್ ಗಾರ್ನರ್, ಬಂಧುವಾಗಿ ಡೇವಿಡ್ ಸ್ಪೇಡ್ ಬಂದರು, ಮನೆ ಬೇಗ ತುಂಬಿತು. ತೀರಾ ಬೇಗ ಎಂದೇ ನನ್ನ ತಕರಾರು. 2005ರಲ್ಲಿ ಅದು ನಿಂತಿತು. ಉಳಿಯಿತೋ ಇಲ್ಲವೋ ಎಂಬುದನ್ನು ಸೀಸನ್ ಎಣಿಸಿ ಹೇಳುವುದಾದರೆ ಇದು ಸೋತ ಧಾರಾವಾಹಿ. ನಾನು ಮತ್ತೆ ಮತ್ತೆ ನೋಡುವುದು ಆ ಒಂದು ಗಂಟೆಯನ್ನೇ. ಅದರಲ್ಲಿ ಹಿನ್ನೆಲೆಯ ನಗುವಿನ ಸದ್ದನ್ನು ಅವರು ಹಾಕಿರಲಿಲ್ಲ.